ಶಿವಸಂಗಪ್ಪ ತಂದ ಬನ್ನಿ

“ಒಂದು ಮುಳ್ಳಿನ ಗಿಡ ಕಡಿಸಿದ್ರ ಮುಗಲ ಹರಿದು ಬಿದ್ದತೇನ್ ಬೇ ಅಕ್ಕಾ?” ಎಂದು ಶಿವಸಂಗಪ್ಪ ಕೂಗಾಡಿದ.

“ಮುಗಲ ಬಿದ್ದಿಲ್ಲ, ನಿನ್ನ ಬುದ್ಧಿ ಬಿದ್ದೈತಿ,” ಎಂದಳು ಬಾಳವ್ವ. “ನಾಳಿ ಬನ್ನಿ ಹಬ್ಬ. ಮಗ್ಗಕ್ಕ ಏನು ಏರಸ್ಲಿ? ನಿನ್ನ ಈ ಪರದೇಶಿ ಗಿಡದ ತಪ್ಪಲಾ?”

“ಪರದೇಶಿ ಅಂತ ಮೂಗು ಮುರೀಬ್ಯಾಡ. ನೀ ಮಾಲಿ ಕಟ್ಟೂ ಚೆಂಡುಹೂವೂ ಪರದೇಶದ್ದು. ದಿನಾ ತಿನ್ನೂ ಮೆಣಸಿನಕಾಯೀನೂ ಪರದೇಶದ್ದು.”

“ಇರ್ಲೇಳು. ನಮ್ಮ ಅವ್ವ ಹಚ್ಚಿದ ಗಿಡ ಕಡೀರಿ ಅಂತ ಮೆಣಸಿನಕಾಯಿ ಬಂದು ಹೇಳಿಲ್ಲ.”

ಇಳಕಲ್ಲಿನ ಆ ಹಿತ್ತಲಿನಲ್ಲಿ ಮಳೆಗಾಲದವರೆಗೂ ಒಂದು ಬನ್ನಿ ಮರವಿತ್ತು. ಊರಿನ ಉದ್ಯಾನ ಸ್ಪರ್ಧೆಗೆ ಹೆಸರು ಕೊಟ್ಟ ದಿನವೇ ಸೀರೆ ವ್ಯಾಪಾರಿ ಶಿವಸಂಗಪ್ಪನ ಕಣ್ಣಿಗೆ ಅದು ಕಸವಾಯಿತು. ಮರ ಹೋಯಿತು. ಹುಲ್ಲುಹಾಸು ಬಂತು, ಕ್ರೋಟನ್ ಬಂತು, ಗೋಡೆಯುದ್ದಕ್ಕೂ ಕೊನೊಕಾರ್ಪಸ್ ಎಂಬ ಪರದೇಶಿ ಗಿಡದ ಬೇಲಿ ಬಂತು. ಒಂದೊಂದರ ಕೊರಳಿಗೂ ಇಂಗ್ಲಿಷ್ ಹೆಸರಿನ ಫಲಕ. ಹೊರಗೆ ಮಳೆ ಹಿಂದೆ ಸರಿದು ಗುಡ್ಡದ ತುಂಬ ತಂಗಡಿ ಹೂ ಅರಳಿತ್ತು, ಸಂತೆಗೆ ಸೀತಾಫಲ ಇಳಿದಿತ್ತು. ಇವನ ತೋಟದಲ್ಲಿ ಮಾತ್ರ ಇದು ಯಾವ ಕಾಲವೆಂದು ಒಂದು ಚಿಟ್ಟೆಗೂ ತಿಳಿಯುವಂತಿರಲಿಲ್ಲ.

ಆದರೆ ಅಕ್ಕನ ಮಾತನ್ನು ಅವನು ತಳ್ಳಿಹಾಕುವಂತಿರಲಿಲ್ಲ. ಮನೆಯಲ್ಲಿ ಉಳಿದದ್ದು ಒಂದೇ ಕೈಮಗ್ಗ, ನೇಯುವವಳು ಅವಳೊಬ್ಬಳೇ. ಅವಳು ನೇಯುವುದನ್ನು ಗಿರಾಕಿಗಳಿಗೆ ತೋರಿಸಿ, ಪವರ್‌ಲೂಮಿನ ಸೀರೆ ಕಟ್ಟಿಕೊಡುವುದೇ ಶಿವಸಂಗಪ್ಪನ ವ್ಯಾಪಾರ. ಹಬ್ಬಕ್ಕೆ ನಿಲ್ಲಿಸಿದ ಮಗ್ಗಕ್ಕೆ ಬನ್ನಿ ಏರಿಸಿದ ಮೇಲೆಯೇ ಬಾಳವ್ವ ಮತ್ತೆ ಲಾಳಿ ಹಿಡಿಯುತ್ತಿದ್ದಳು.

“ಬನ್ನಿ ಇಲ್ಲಂದ್ರ ನಾ ಮಗ್ಗಕ್ಕ ಕೂಡೂದಿಲ್ಲ. ಕಲಾದಗಿಗೆ ಮಗಳ ಮನಿಗೆ ಹೋಗ್ತೇನಿ.”

“ಬನ್ನಿ ತಾನ? ಗಾಡಿ ತುಂಬ ತರ್ತೇನಿ, ತಗೋ!”

ಮರುದಿನ ಮುಂಜಾನೆ ಅವನು ಹುನಗುಂದ ರಸ್ತೆ ಹಿಡಿದ. ಸಿಕ್ಕ ಒಂದೆರಡು ಬನ್ನಿ ಮರಗಳನ್ನು ಮಂದಿ ಆಗಲೇ ಬೋಳಿಸಿ ಹೋಗಿದ್ದರು. ಇನ್ನಷ್ಟು ಮುಂದೆ, ಕಲ್ಲಿನ ಕ್ವಾರಿಯ ದಿಬ್ಬದ ಮೇಲೆ, ಸಣ್ಣ ಎಲೆಯ, ಮುಳ್ಳಿನ, ಹಚ್ಚಗಿನ ಗಿಡಗಳು ಸಾಲಾಗಿ ನಿಂತಿದ್ದವು. ಒಂದು ಟೊಂಗೆಯನ್ನೂ ಯಾರೂ ಮುರಿದಿರಲಿಲ್ಲ. ತನ್ನ ದೈವವೇ ದೈವ ಎಂದು ಹಿಗ್ಗಿದ. ಯಾರೂ ಯಾಕೆ ಮುರಿದಿಲ್ಲ ಎಂಬುದು ಅವನ ತಲೆಗೆ ಹೊಳೆಯಲಿಲ್ಲ.

“ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ,” ಎನ್ನುತ್ತ ಓಣಿಯ ಮನೆಮನೆಗೂ ಹಂಚಿದ. ಎಲ್ಲರೂ ಕಣ್ಣಿಗೊತ್ತಿಕೊಂಡು ದೇವರ ಜಗಲಿಯ ಮೇಲೆ ಇಟ್ಟರು. ಅಷ್ಟರಲ್ಲಿ ಸ್ಪರ್ಧೆಯ ತೀರ್ಪುಗಾರರಿಬ್ಬರು ಬಂದರು. ಅವರಿಗೂ ಕೊಟ್ಟ. “ನಮ್ಮ ಸಂಸ್ಕೃತಿ ಉಳಿಸೀರಿ ಬಿಡ್ರಿ,” ಎಂದು ಅವರು ಎಲೆಯನ್ನು ಕಿಸೆಗೆ ಹಾಕಿಕೊಂಡು, ಕೊನೊಕಾರ್ಪಸ್ ಮುಂದೆ ನಿಂತು ಫೋಟೊ ತೆಗೆಸಿಕೊಂಡರು.

ಕೊನೆಗೆ ಅಕ್ಕನ ಕೈಗೆ ಒಂದು ಟೊಂಗೆ ಕೊಟ್ಟು ಕಾಲಿಗೆ ಬಿದ್ದ. ಬಾಳವ್ವನ ಮುಖ ಅರಳಿತು. ಅವ್ವನ ಕಾಲದಿಂದಲೂ ಮೊದಲ ಕುಡಿ ಮನೆಯ ಆಡಿಗೆ, ಆಮೇಲೆ ಮಗ್ಗಕ್ಕೆ. ಅವಳು ಕುಡಿ ಮುರಿದು ಆಡಿನ ಬಾಯಿಗೆ ಹಿಡಿದಳು. ಬನ್ನಿ ಕಂಡರೆ ಹಗ್ಗ ಹರಿಯುತ್ತಿದ್ದ ಆಡು ಮೂಸಿತು, ಸೀನಿತು, ಮುಖ ತಿರುಗಿಸಿತು.

ಬಾಳವ್ವ ಟೊಂಗೆಯನ್ನು ಕಣ್ಣ ಹತ್ತಿರ ತಂದಳು. “ಲೇ ಸಂಗಪ್ಪಾ, ಇದು ಬನ್ನಿ ಅಲ್ಲ, ಪರದೇಶಿ ಬಳ್ಳಾರಿ ಜಾಲಿಲೇ!”

ತೀರ್ಪುಗಾರರು ಕಿಸೆ ಮುಟ್ಟಿ ನೋಡಿಕೊಂಡರು. ಒಬ್ಬ ಗಂಟಲು ಸರಿಮಾಡಿಕೊಂಡ. “ಅದೂ ಬನ್ನಿ ಬಳಗದ್ದ ಐತ್ರಿ ಯಕ್ಕಾರ. ನಡೀತೈತಿ.”

“ಬಳಗದಾಗ ಎಂಥೆಂಥಾವ್ರೋ ಇರ್ತಾರ್ರಿ. ಇವನೂ ನನ್ನ ತಮ್ಮನ ಅದಾನ ನೋಡ್ರಿ.”

ಶಿವಸಂಗಪ್ಪನ ಮುಖ ಕೆಂಡವಾಯಿತು. “ಓಣಿ ಮಂದಿ ತಗೊಂಡ್ರು, ಸಾಹೇಬ್ರು ತಗೊಂಡ್ರು. ಶಾಣ್ಯಾರು ನೀನೂ ನಿನ್ನ ಆಡೂ ಅಷ್ಟೇನು? ಸುಮ್ನ ಮಗ್ಗಕ್ಕ ಏರಸು, ಇಲ್ಲಾಂದ್ರ ನಡಿ!”

ಬಾಳವ್ವ ಒಳಗೆ ಹೋಗಿ ತನ್ನ ಲಾಳಿಯನ್ನು ಸೀರೆಯ ಸೆರಗಿನಲ್ಲಿ ಸುತ್ತಿಕೊಂಡಳು. ಆಡಿನ ಹಗ್ಗ ಬಿಚ್ಚಿದಳು. ಆಡು ಹೋಗುತ್ತ ಹುಲ್ಲುಹಾಸಿನಲ್ಲಿ ಒಂದು ಬಾಯಿ ಕಿತ್ತುಕೊಂಡಿತು. ತೀರ್ಪುಗಾರರು ಆ ತೂತನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಮೊದಲ ಬಹುಮಾನ ಶಿವಸಂಗಪ್ಪನಿಗೇ ಬಂತು.

ಸಿಟ್ಟು ಇಳಿದರೆ ದೀಪಾವಳಿಗೆ ಬಂದಾಳು ಎಂದುಕೊಂಡ. ದೀಪಾವಳಿಯೂ ಹೋಯಿತು. ಗಿರಾಕಿಗಳು ಕೈಮಗ್ಗ ತೋರಿಸಿ ಎಂದು ಕೇಳುತ್ತಿದ್ದರೆಂದು ಸುಮ್ಮನೆ ನಿಂತ ಮಗ್ಗದ ಕೊರಳಿಗೂ ಒಂದು ಇಂಗ್ಲಿಷ್ ಫಲಕ ಕಟ್ಟಿದ. ಬಾಳವ್ವ ತಿರುಗಿ ಬರಲಿಲ್ಲ.