ಇಡೀ ಕೇರಿಗೆ ಒಂದೇ ಹೊಗೆ

ಬಕ್ರೀದಿನ ಬೆಳಿಗ್ಗೆ ಅಲ್ಲಾಲ್ ಕತ್ತಿ ಮಸೆಯಲಿಲ್ಲ. ಮೊರಾಕೊದ ಫೆಸ್ ನಗರದ ಆ ಕೇರಿಯಲ್ಲಿ ಇಪ್ಪತ್ತು ವರ್ಷಗಳಿಂದ ಮನೆಮನೆಗೆ ಹೋಗಿ ಟಗರು ಕೊಯ್ದುಕೊಡುತ್ತಿದ್ದವನು ಅವನೇ. ಈ ಸಲವೂ ಮಾಳಿಗೆಗಳ ಮೇಲೆ ಟಗರುಗಳು ಅರಚುತ್ತಿದ್ದವು. ಕರೆಯಲು ಮಾತ್ರ ಯಾರೂ ಬರಲಿಲ್ಲ.

ಫ್ರೆಂಚರು ಸುಲ್ತಾನರನ್ನು ವಿಮಾನ ಹತ್ತಿಸಿ ಗಡೀಪಾರು ಮಾಡಿ ವರ್ಷವಾಗುತ್ತ ಬಂದಿತ್ತು. ಆ ಜಾಗದಲ್ಲಿ ತಮ್ಮ ಮಾತು ಕೇಳುವ ಮುದುಕನೊಬ್ಬನನ್ನು ಕೂರಿಸಿದ್ದರು. ಹಬ್ಬದ ದಿನ ಮೊದಲು ಬೀಳುವುದು ಸುಲ್ತಾನರು ಕೊಯ್ಯುವ ಟಗರು, ಆಮೇಲೆ ಮನೆಗಳದು. ಮೊದಲನೆಯದೇ ಇಲ್ಲದ ಮೇಲೆ ಉಳಿದದ್ದೆಲ್ಲ ಬರೀ ಮಾಂಸ. ಈ ವರ್ಷ ಕೊಯ್ಯುವುದು ಬೇಡವೆಂಬ ಮಾತು ಬಾಯಿಂದ ಬಾಯಿಗೆ ಹರಡಿತ್ತು.

ಒಂಬತ್ತು ಗಂಟೆಗೆ ಬಿಲ್‌ಖೈರ್ ಬಂದ. ಸರ್ಕಾರದ ಪರವಾಗಿ ಕೇರಿ ಕಾಯುವ ಮುಕದ್ದಮ. ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ತನ್ನದೇ ಟಗರು. ಸಂಜೆ ಫ್ರೆಂಚ್ ಅಧಿಕಾರಿ ಬರುತ್ತಾನೆ, ಪ್ರತಿ ಮಾಳಿಗೆಯಲ್ಲೂ ಚರ್ಮ ಒಣಗುತ್ತಿರಬೇಕು, ತನ್ನ ಮನೆಯದು ಮೊದಲಾದರೆ ಉಳಿದವರು ಹಿಂದೆ ಬರುತ್ತಾರೆ ಎಂದ. ಒಲ್ಲೆ ಅಂದರೆ ಪೇಟೆಯ ಮಾಂಸದಂಗಡಿಯ ಪರವಾನಗಿ ಇವತ್ತೇ ರದ್ದು ಎಂದೂ ಸೇರಿಸಿದ. ಅಲ್ಲಾಲನ ಮನೆಯ ಐದು ಹೊಟ್ಟೆಗೂ ಆ ಅಂಗಡಿಯೇ ಆಧಾರ.

ಅಲ್ಲಾಲ್ ಟಗರಿನ ಹಲ್ಲು ನೋಡಿದ, ಬೆನ್ನು ಒತ್ತಿದ.

"ಒಳ್ಳೇ ಮಾಲು. ಕೊಯ್ಕೊಡ್ತೀನಿ ಮುಕದ್ದಮರೇ. ಆದ್ರೆ ಇದು ಕುರ್ಬಾನಿ ಅಲ್ಲ, ಮಧ್ಯಾಹ್ನದ ಊಟಕ್ಕೆ ಅಂತ ನೀವು ಬೀದೀಲಿ ನಿಂತು ಹೇಳ್ಬೇಕು."

"ಹಬ್ಬದ ದಿನ ನನ್ ಮನೇಲಿ ಕುರ್ಬಾನಿ ಇಲ್ಲ ಅಂತ ನಾನೇ ಸಾರ್ಲಾ? ತಲೆ ಕೆಟ್ಟಿದ್ಯೇನೋ ನಿಂಗೆ?"

"ಹಂಗಾದ್ರೆ ಈ ಸಲ ಯಾವ ಸುಲ್ತಾನರ ಟಗರು ಮೊದ್ಲು ಬಿತ್ತು, ಅದನ್ನಾದ್ರೂ ಹೇಳಿ."

ಬಿಲ್‌ಖೈರ್ ಹಗ್ಗ ಜಗ್ಗಿ ಟಗರನ್ನು ಹತ್ತಿರಕ್ಕೆ ಎಳೆದುಕೊಂಡ. ಮೇಲೆ ಇಣುಕುತ್ತಿದ್ದ ಹೆಂಗಸರಲ್ಲಿ ಒಬ್ಬಳು, "ನಿಮ್ಗೂ ಎರಡು ಕೈ ಇದ್ಯಲ್ಲ, ನೀವೇ ಕೊಯ್ಕೊಳ್ಳಿ" ಎಂದಳು. ಅವನು ಅಂಗಡಿಯ ಬೀಗದ ಕೈ ಕೇಳಿದ. ಅಲ್ಲಾಲ್ ಸೊಂಟದಿಂದ ಬಿಚ್ಚಿ ಕೊಟ್ಟ.

ಬಾಗಿಲ ಹಿಂದೆ ನಿಂತಿದ್ದ ಹೆಂಡತಿ ತಾಮೋ ಬೈಯಲಿಲ್ಲ. ನಾಳೆಯಿಂದ ಏನು ಮಾಡುವುದು ಎಂದಷ್ಟೇ ಕೇಳಿದಳು.

"ಇಷ್ಟು ವರ್ಷ ಟಗರು ಹೊತ್ತ ಬೆನ್ನು, ಮೂಟೆ ಹೊರಲ್ವಾ?"

ಹಬ್ಬದ ಮಧ್ಯಾಹ್ನ ಬೀದಿ ತುಂಬ ಬೆಂಕಿ ಹಾಕಿ ಟಗರಿನ ತಲೆ ಸುಡುತ್ತಾರೆ. ಆ ಕಮಟು ವಾಸನೆ ಇಲ್ಲದೆ ಅಲ್ಲಿ ಹಬ್ಬವೇ ಇಲ್ಲ. ಅಂದು ಹೊಗೆ ಎದ್ದದ್ದು ಬಿಲ್‌ಖೈರನ ಅಂಗಳದಿಂದ ಮಾತ್ರ. ತಾನೇ ಕೊಯ್ದಿದ್ದ, ತಾನೇ ಸುಡುತ್ತಿದ್ದ. ಸಂಜೆ ಬಂದ ಅಧಿಕಾರಿ ಕತ್ತೆತ್ತಿ ನೋಡಿದ. ಇಡೀ ಕೇರಿಯಲ್ಲಿ ಒಂದೇ ಒಂದು ಚರ್ಮ ಒಣಗುತ್ತಿತ್ತು.

ಆ ಹೊತ್ತಿಗೆ ಅಲ್ಲಾಲ್ ಮಾಳಿಗೆಯ ಮೇಲೆ ತನ್ನ ಟಗರಿಗೆ ನೀರಿಡುತ್ತಿದ್ದ. ಅದು ಬಕೆಟ್ಟಿಗೆ ಗುಮ್ಮಿ ನೀರೆಲ್ಲ ಚೆಲ್ಲಿತು. ಅವನು ಮತ್ತೆ ತರಲು ಕೆಳಗಿಳಿದ.