ಜರಡಿ ಹಿಡಿದ ಮೂರು ಚೀಲ

ಮಧ್ಯಾಹ್ನ ಎರಡು ಹತ್ತಕ್ಕೆ ಮೂರನೆಯ ಚೀಲದ ಮರದ ಚೂರೂ ಹದಿನೈದು ಸೆಂಟಿಮೀಟರ್ ಸಂದಿಯಲ್ಲೇ ಸುರಿದುಹೋಯಿತು. ಪರೀಕ್ಷಕಿ ಅಂಕಿ ಬರೆದುಕೊಂಡು ಪೆನ್ನನ್ನು ಮೇಜಿನ ಮೇಲೆ ಕುಕ್ಕಿದಳು.

ಕಬ್ಬಿಣದ ಪೆಟ್ಟಿಗೆಗೆ ಚೂರು ತುಂಬಿ, ತಳದ ಎರಡು ಹಲಗೆಗಳನ್ನು ಸ್ವಲ್ಪಸ್ವಲ್ಪವೇ ಸರಿಸುವುದು ಅವಳ ಕೆಲಸ. ಕಮಾನು ಕಟ್ಟಿ ನಿಂತ ಚೂರು ಎಷ್ಟು ಅಗಲಕ್ಕೆ ಬೀಳುತ್ತದೋ ನೋಡಿ, ಬಾಯ್ಲರಿಗೆ ಚೂರು ಉಣಿಸುವ ತೊಟ್ಟಿಯ, ಅಂದರೆ ಹಾಪರಿನ, ತಳದ ಬಾಯಿ ಎಷ್ಟಿರಬೇಕೆಂದು ಹೇಳಬೇಕು. ಈ ಅಂಕಿ ನಂಬಿದರೆ ಸೋದರಮಾವ ಮೇಸ್ತ್ರಿಯಾಗಿರುವ ಕಾರ್ಖಾನೆಗೆ ಅರವತ್ತು ಸೆಂಟಿಮೀಟರ್ ಧಾರಾಳ. ಆದರೆ ಅಲ್ಲಿನ ಹಳೇ ಹಾಪರಿನ ಬಾಯಿಯೂ ಅರವತ್ತೇ. ಅದು ದಿನಕ್ಕೆರಡು ಸಲ ಕಟ್ಟಿಕೊಳ್ಳುತ್ತಿತ್ತು. ಹೋದ ತಿಂಗಳು ಸಲಾಕೆ ಹಿಡಿದು ತಿವಿಯಲು ಇಳಿದ ಮಾವ ಸೊಂಟದವರೆಗೆ ಹೂತುಹೋಗಿದ್ದರು. ನಾಲ್ವರು ಎಳೆದು ತೆಗೆದರು. ಹೊಸ ಹಾಪರಿನ ತಗಡನ್ನು ಇವತ್ತೇ ಸಂಜೆ ಐದು ಗಂಟೆಗೆ ಕತ್ತರಿಸುವುದೆಂದು ಗೊತ್ತಾಗಿತ್ತು.

ಮಾವ ಕಳಿಸಿದ್ದ ಚೀಲದೊಳಗೆ ಕೈ ಹಾಕಿದಳು. ಗರಿಗರಿ ಒಣಗಿದ, ಒಂದೇ ಅಳತೆಯ ಚೂರು. ತೊಗಟೆಯ ಒಂದು ನಾರೂ ಇಲ್ಲ. ಮಾವನಿಗೆ ಫೋನ್ ಮಾಡಿದಳು.

“ಮಾವ, ಈ ಚೂರಿಗೆ ಏನು ಮಾಡಿದ್ರಿ?”

“ಜರಡಿ ಹಿಡಿದೆ, ಬಿಸಿಲಿಗೆ ಹರಡಿದೆ, ನಾರೆಲ್ಲ ಆರಿಸಿ ತೆಗೆದೆ. ಚೀಲಕ್ಕೆ ಎರಡು ದಿನ ಹಿಡೀತು ಕಣಮ್ಮ.”

“ಯಾರು ಹೇಳಿದ್ರು ಹಾಗೆ ಮಾಡಿ ಅಂತ?”

“ಹೇಳ್ಬೇಕಾ? ಅಕ್ಕನ ಮಗಳ ಆಫೀಸಿಗೆ ಕಸ ಕಳಿಸಿದ್ರೆ ನನ್ನ ಮರ್ಯಾದೆ ಏನಾಗ್ಬೇಕು?”

“ಡಾಕ್ಟರ ಹತ್ರ ಹೋಗುವಾಗ ಜ್ವರಾನ ಮನೇಲಿಟ್ಟು ಹೋಗ್ತೀರಾ ನೀವು? ಒಂದು ವಾರದ ಕೆಲಸ ಹೊಳೇಲಿ ಹುಣಸೇಹಣ್ಣು ತೊಳೆದ ಹಾಗಾಯ್ತು! ರಾಶಿ ಒಳಗಿಂದ ತುಂಬಿ ಈಗಲೇ ತನ್ನಿ. ಕೈ ಆಡಿಸ್ಬೇಡಿ.”

ಮೂರೂಮುಕ್ಕಾಲಾದರೂ ಮಾವನ ಸುಳಿವಿಲ್ಲ. ಹೊರಗೆ ಬಂದು ನೋಡಿದರೆ, ಮೆಟ್ಟಿಲ ಮೇಲೆ ಕೂತು ಚೀಲ ಬಿಚ್ಚಿ ನಾರು ಆರಿಸುತ್ತಿದ್ದಾರೆ.

“ಮಾವಾ!”

“ತೀರಾ ಉದ್ದ ಇರೋದು ಮಾತ್ರ ಕಣೆ.”

ಆರಿಸಿದ್ದನ್ನೆಲ್ಲ ಅವಳು ಮರಳಿ ಚೀಲಕ್ಕೆ ತುರುಕಿದಳು.

ಒದ್ದೆ ಚೂರಿನ ಹುಳಿ ವಾಸನೆ ಕೋಣೆ ತುಂಬಿತು. ಸಂದಿ ಹದಿನೈದಾಯಿತು, ಮೂವತ್ತಾಯಿತು. ಅರವತ್ತಕ್ಕೆ ಒಂದು ಹಿಡಿ ಉದುರಿ ನಿಂತಿತು. ಬಗ್ಗಿ ನೋಡುತ್ತಿದ್ದ ಮಾವನ ಕೈ ಮೂಲೆಯ ಪೊರಕೆಯತ್ತ ಹೋಯಿತು.

“ತಿವೀಬೇಡಿ! ಅದು ತಾನಾಗೇ ಬೀಳ್ಬೇಕು.”

“ನಮ್ಮಲ್ಲಿ ಅದು ಯಾವತ್ತು ತಾನಾಗೇ ಬಿದ್ದಿದೆ?”

“ಅದನ್ನೇ ಅಲ್ವಾ ನಾನು ಅಳೀತಿರೋದು!”

ತೊಂಬತ್ತೈದಕ್ಕೆ ಇಡೀ ರಾಶಿ ಧೊಪ್ಪನೆ ಕುಸಿಯಿತು. ಮಾವ ಎರಡು ಹೆಜ್ಜೆ ಹಿಂದೆ ಸರಿದು ಸೊಂಟದ ಮೇಲೆ ಕೈಯಿಟ್ಟುಕೊಂಡರು.

ಅದೇ ಚೂರನ್ನು ಮತ್ತೆರಡು ಸಲ ತುಂಬಿ ನೋಡಿದಳು: ತೊಂಬತ್ತೆರಡು, ತೊಂಬತ್ತಾರು. ದೊಡ್ಡ ಅಂಕಿಯ ಮೇಲೆ ಅದರ ಕಾಲು ಭಾಗ ಸೇರಿಸಿ, ನಾಲ್ಕು ಐವತ್ತಕ್ಕೆ ತಗಡು ಕತ್ತರಿಸುವವನಿಗೆ ಫೋನ್ ಮಾಡಿದಳು. ಹೊಸ ಹಾಪರಿನ ಬಾಯಿ ಅರವತ್ತರ ಬದಲು ನೂರಿಪ್ಪತ್ತು ಸೆಂಟಿಮೀಟರ್ ಆಯಿತು.