ಅಕ್ರೋಟಿನ ಎರಡು ಹಾಳೆ

ಆ ವರ್ಕ್‌ಶಾಪಿನಲ್ಲಿ ಮೇಸ್ತ್ರಿಯ ಬೆಂಚಿನ ಮೇಲೆ ಬೇರೆಯವರ ನೆರಳು ಬಿದ್ದರೂ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಸೊಸೆಯ ನೆರಳು ಬಿದ್ದರಂತೂ ಕೇಳುವುದೇ ಬೇಡ. ಹದಿನೆಂಟು ವರ್ಷದಿಂದ ಅವಳ ಜಾಗ ಬೆಂಚಿನಿಂದ ಆರು ಹೆಜ್ಜೆ ಆಚೆ, ಕಿಟಕಿ ಪಕ್ಕದ ಪಾಲಿಶ್ ಮೇಜು. ಅವಳನ್ನು ಕರೆಯುತ್ತಿದ್ದದ್ದೂ ಹಾಗೇ: "ಏ ಪಾಲಿಶ್". ಮದುವೆಯಾಗಿ ಬಂದ ಹೊಸತರಲ್ಲಿ ಮಾವ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡಿದ್ದಳು. ತಮಾಷೆಯೇ ಸರಿ, ಆದರೆ ಅದು ಮುಗಿಯಲೇ ಇಲ್ಲ.

ಅವರ ಕಸುಬು ಹಳೇ ಕಾರುಗಳ ಒಳಗೆ ಮರ ಕೂರಿಸುವುದು. ಡ್ಯಾಶ್‌ಬೋರ್ಡು, ಬಾಗಿಲ ಮೇಲಂಚು, ಗೇರಿನ ಗುಂಡು, ಇಷ್ಟೇ. ಹಲಗೆ ಕೊಯ್ದು, ಅದರ ಮೇಲೆ ಕಾಗದದಷ್ಟು ತೆಳ್ಳಗಿನ ಮರದ ಹಾಳೆ ಅಂಟಿಸುವುದು ಮೇಸ್ತ್ರಿ. ಕಾರಿನ ತಗಡು ಬಿಚ್ಚಿ ಹಲಗೆ ಜೋಡಿಸುವುದು ಅವನ ಮಗ, ಅಂದರೆ ಇವಳ ಗಂಡ. ಸೀಟು ಹೊಲಿಯುವವನು ಒಬ್ಬ ಬೇರೆ ಇದ್ದ. ಹನ್ನೆರಡು ಕೋಟು ವಾರ್ನಿಶ್ ಬಳಿದು, ಪ್ರತಿ ಕೋಟಿಗೂ ಉಪ್ಪುಕಾಗದ ತಿಕ್ಕಿ ಮರವನ್ನು ಗಾಜಿನಂತೆ ಮಾಡುವುದು ಇವಳು. ಥಿನ್ನರಿನ ಘಾಟಿಗೆ ಮದುವೆಯಾದ ಆರನೇ ವರ್ಷಕ್ಕೇ ಇವಳ ಮೂಗು ಸತ್ತುಹೋಯಿತು. ಹಾಲು ಉಕ್ಕಿ ಸೀದರೂ ಗೊತ್ತಾಗುತ್ತಿರಲಿಲ್ಲ.

ಮೇಸ್ತ್ರಿಗೆ ಅದೊಂದು ಆಟ ಸಿಕ್ಕಿತು. ಗಿರಾಕಿ ಬಂದು ಕೂತರೆ ಸಾಕು, "ಏ ಪಾಲಿಶ್, ಬಾ ಇಲ್ಲಿ" ಎಂದು ಕರೆದು ಅವಳ ಕಣ್ಣು ಮುಚ್ಚಿಸಿ, ಮೂಗಿನ ಕೆಳಗೆ ಏನಾದರೊಂದು ಹಿಡಿದು, "ಏನು ಹೇಳು ನೋಡೋಣ" ಎನ್ನುತ್ತಿದ್ದ. ಪೆಟ್ರೋಲಿನ ಬಟ್ಟೆ ಹಿಡಿದರೆ ಅವಳು ಅಂದಾಜಿನ ಮೇಲೆ ಅಂಟು ಎನ್ನುತ್ತಿದ್ದಳು. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಒಂದು ಸಲ ಕಾಗದದಲ್ಲಿ ಸುತ್ತಿ ಸತ್ತ ಇಲಿ ಹಿಡಿದಿದ್ದ. ಅವಳು ಎರಡು ಸಲ ಮೂಸಿ, "ಸಾಬೂನಾ ಮಾವ?" ಅಂದಿದ್ದಳು. ಆ ಕಥೆಗೆ ಉಪ್ಪುಖಾರ ಹಚ್ಚಿ ವರ್ಷಗಟ್ಟಲೆ ಹೇಳಿದ. ಗಂಡನೂ ನಗುತ್ತಿದ್ದ, ನೆಲ ನೋಡಿಕೊಂಡು. ಅವಳು ಮಾತ್ರ ಮತ್ತೆ ಕಿಟಕಿ ಪಕ್ಕಕ್ಕೆ ಹೋಗಿ ತಿಕ್ಕುತ್ತಿದ್ದಳು. ತಿಕ್ಕಿ ತಿಕ್ಕಿ ಬೆರಳ ತುದಿಗಳೂ ಸವೆದು ಮೊಂಡಾಗಿದ್ದವು.

ಹಾಗಿರುವಾಗ ಮುದುಕನ ಕಣ್ಣು ಕೈಕೊಟ್ಟಿತು. ಮೊದಲು ಗೊತ್ತಾದದ್ದು ಅವಳಿಗೇ. ಅಳತೆಪಟ್ಟಿ ನೋಡುವಾಗ ಅವನು ಕಾಳು ನೋಡುವ ಕೋಳಿಯ ಹಾಗೆ ಕತ್ತು ಓರೆ ಮಾಡುತ್ತಿದ್ದ. ಎದುರಿಗಿದ್ದದ್ದು ಕಾಣದು, ಪಕ್ಕದ್ದು ಮಾತ್ರ ಅಷ್ಟಿಷ್ಟು ಕಾಣುವುದು. ಚಹಾ ಲೋಟವನ್ನು ಹಿಡಿಯಲು ಹೋಗಿ ಅದರ ಪಕ್ಕದ ಗಾಳಿಯನ್ನು ಹಿಡಿಯುತ್ತಿದ್ದ. ಅವಳು ಯಾರಿಗೂ ಹೇಳಲಿಲ್ಲ. ಕರುಣೆ ಅಂತ ಯಾರೂ ತಿಳಿಯಬೇಡಿ. ಇಂಥ ವಿಷಯ ತನ್ನೊಬ್ಬಳಿಗೇ ಗೊತ್ತಿದೆ ಅನ್ನುವುದರಲ್ಲಿ ಅವಳಿಗೊಂದು ಸುಖ ಸಿಕ್ಕಿತ್ತು, ಅದನ್ನು ಹಂಚಿಕೊಳ್ಳುವ ಮನಸ್ಸಿರಲಿಲ್ಲ.

ಗಂಡ ಒಂದು ದಿನ, "ಅಪ್ಪ, ಕಣ್ಣು ಒಂದ್ಸಲ ತೋರಿಸ್ಕೊಂಡು ಬರೋಣ್ವಾ?" ಅಂದಿದ್ದಕ್ಕೆ ಮೇಸ್ತ್ರಿ ಕೈಲಿದ್ದ ಉಳಿಯನ್ನು ಬೆಂಚಿಗೆ ಕುಟ್ಟಿ, ಎಲ್ಲರಿಗೂ ಕೇಳುವಂತೆ ಹೇಳಿದ. "ನನ್ನ ಕೈಯಿಂದ ಒಂದೇ ಒಂದು ಹಲಗೆ ಕೆಟ್ಟು ಬರಲಿ, ಅವತ್ತೇ ಈ ಬೆಂಚು ಬಿಟ್ಟು ಮನೇಲಿ ಬಿದ್ಕೋತೀನಿ. ಅಲ್ಲೀ ತನಕ ನನ್ನ ಕಣ್ಣಿನ ಸುದ್ದಿ ಎತ್ತಿದ್ರೆ ಹುಷಾರ್."

ಮನೆಯಲ್ಲಿ ಅವನಿಗಿದ್ದದ್ದು ಒಂದು ಮಂಚ, ಅದರ ಎದುರಿಗೆ ಒಂದು ಗೋಡೆ. ಹೆಂಡತಿ ಸತ್ತು ಎಷ್ಟೋ ವರ್ಷವಾಗಿತ್ತು. ನೆರೆಹೊರೆಯವರನ್ನು ಒಬ್ಬೊಬ್ಬರನ್ನಾಗಿ ಜಗಳವಾಡಿ ಕಳೆದುಕೊಂಡಿದ್ದ. ಬೆಂಚೊಂದು ಹೋದರೆ ಅವನು ಇದ್ದೂ ಇಲ್ಲದ ಹಾಗೆ. ಅದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಆಗ ಬಂದದ್ದು ಹಲ್ಲಿನ ಡಾಕ್ಟರ ಕಾರು. ಎರಡೇ ಸೀಟಿನ, ಕೆಂಪು ಬಣ್ಣದ, ಡಾಕ್ಟರಿಗಿಂತಲೂ ವಯಸ್ಸಾದ ಸ್ಪೋರ್ಟ್ಸ್ ಕಾರು. ಹೊರಗೆಲ್ಲ ಲಕಲಕ, ಒಳಗೆ ಮಾತ್ರ ಕರೀ ಬಣ್ಣ ಬಳಿದ ತಗಡಿನ ಡ್ಯಾಶ್‌ಬೋರ್ಡು. ಎರಡು ತಿಂಗಳಿಗೆ ಹಳೇ ಕಾರುಗಳ ಪ್ರದರ್ಶನವಿತ್ತು. "ಮೇಸ್ತ್ರಿ, ಒಳಗೆ ಕೂತವನು ಬಾಯಿ ತೆಗೆದವನು ಮುಚ್ಚಬಾರದು, ಹಾಗೆ ಮಾಡಿಕೊಡಿ," ಎಂದರು ಡಾಕ್ಟರು. ದಿನಕ್ಕೆ ನಲವತ್ತು ಜನರ ಬಾಯಿ ತೆಗೆಸುವವರಿಗೆ ಇನ್ನೂ ಸಾಲದಾಗಿತ್ತು.

ಮೇಸ್ತ್ರಿ ಅಟ್ಟದಿಂದ ಅಕ್ರೋಟು ಮರದ ಗಂಟಿನ ಹಾಳೆಗಳನ್ನು ಇಳಿಸಿದ. ಇಂಥ ಗಂಟು ಸಾವಿರ ಮರಕ್ಕೊಂದು. ಒಂದರ ಕೆಳಗೊಂದರಂತೆ ಕೊಯ್ದ ನಾಲ್ಕೇ ಹಾಳೆಗಳು. ಕೆಲಸದ ಮರ್ಮ ಏನೆಂದರೆ, ಅಕ್ಕಪಕ್ಕದ ಎರಡು ಹಾಳೆಗಳನ್ನು ಪುಸ್ತಕ ತೆರೆದ ಹಾಗೆ ಬಿಡಿಸಿ ಇಡಬೇಕು. ಆಗ ಎಡಗಡೆಯ ಸುಳಿಗಳು ಬಲಗಡೆಗೆ ಕನ್ನಡಿಯಲ್ಲಿ ಕಂಡಂತೆ ಕಾಣುತ್ತವೆ. ಒಂದು ಹಾಳೆ ತಲೆಕೆಳಗಾದರೆ ಮುಗಿಯಿತು, ಎಡಕ್ಕೂ ಬಲಕ್ಕೂ ಸಂಬಂಧವೇ ಇಲ್ಲ.

ಅವತ್ತು ಮಧ್ಯಾಹ್ನ ಗಂಡ ಬಾಗಿಲ ಹಿಡಿಗಳಿಗೆ ಕ್ರೋಮ್ ಹಾಕಿಸಲು ಹೋಗಿದ್ದ. ಸೀಟಿನವನು ಊಟಕ್ಕೆ ಹೋಗಿದ್ದ. ಮೇಸ್ತ್ರಿ ಬೆಂಚಿನ ಮೇಲೆ ಎರಡು ಹಾಳೆಗಳನ್ನು ಜೋಡಿಸಿಟ್ಟು ಬಹಳ ಹೊತ್ತು ನಿಂತಿದ್ದ. ಆಮೇಲೆ ಬಾಗಿಲ ಕಡೆ ಕಿವಿಗೊಟ್ಟು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹೇಳಿದ.

"ಇಲ್ಲಿ ಬಾ."

ಪಾಲಿಶ್ ಅನ್ನಲಿಲ್ಲ. ಅವಳು ಆರು ಹೆಜ್ಜೆ ದಾಟಿ ಬೆಂಚಿನ ಹತ್ತಿರ ಬಂದಳು.

"ಇವತ್ತು ಬೆಳಕು ಸರಿ ಇಲ್ಲ. ಜೋಡಿ ಸರಿ ಕೂತಿದೆಯಾ ನೋಡು."

ಕಿಟಕಿಯಿಂದ ಬಿಸಿಲು ಸುರಿಯುತ್ತಿತ್ತು. ಬೆಂಚಿನ ಮೇಲಿನ ಮರದ ಹುಡಿ ಕೂಡ ಒಂದೊಂದಾಗಿ ಕಾಣುತ್ತಿತ್ತು. ಅವಳು ಬಗ್ಗಿ ನೋಡಿದಳು. ಬಲಗಡೆಯ ಹಾಳೆ ತಲೆಕೆಳಗಾಗಿತ್ತು. ಇಟ್ಟವನು ಅವನೇ. ಅವಳು ಒಂದು ಮಾತು ಹೇಳಿದ್ದರೆ ಸಾಕಿತ್ತು, ತಿರುಗಿಸಿ ಇಡುತ್ತಿದ್ದ, ಅಲ್ಲಿಗೆ ಮುಗಿಯುತ್ತಿತ್ತು.

"ಸರಿ ಇದೆ ಮಾವ," ಅಂದಳು.

ಅವನು ಹೆಬ್ಬೆರಳನ್ನು ಜೋಡಿಯ ಗೆರೆಯ ಮೇಲೆ ಮೇಲಿಂದ ಕೆಳಕ್ಕೆ ಎಳೆದ. ಒಂದು ಕಡೆ ಬೆರಳು ನಿಂತಿತು. ಮತ್ತೆ ಎಳೆದ, ಮತ್ತೆ ಅಲ್ಲೇ ನಿಂತಿತು.

"ಸರಿಯಾಗಿ ನೋಡು."

"ನೋಡಿದೆ ಮಾವ. ಕನ್ನಡಿ ಇದ್ದ ಹಾಗಿದೆ."

ಅವನು ತಲೆಯಾಡಿಸಿ ಅಂಟಿನ ಡಬ್ಬಿಗೆ ಕೈ ಚಾಚಿದ. ಡಬ್ಬಿ ಸಿಗದೆ ಎರಡು ಸಲ ತಡಕಾಡಿದ. ಅವಳೇ ಅದನ್ನು ಅವನ ಕೈಗೆ ಸರಿಸಿದಳು. ಅಂಟು ಬಳಿದು, ಹಾಳೆ ಕೂರಿಸಿ, ಕ್ಲಾಂಪು ಬಿಗಿದದ್ದಾಯಿತು. ಮೀಟರುಗಳ ತೂತು ಕೊಯ್ಯುವಾಗ ಕೂಡ ಅವನ ಕೈ ಎಳ್ಳಷ್ಟೂ ನಡುಗಲಿಲ್ಲ. ಕೈ ಅಂದರೆ ಕೈ, ಅದನ್ನು ಯಾರೂ ಇಲ್ಲವೆನ್ನುವ ಹಾಗಿರಲಿಲ್ಲ.

ಪಾಲಿಶ್ ಮುಗಿಯುವ ತನಕ ಹಲಗೆಯನ್ನು ಯಾರೂ ನೋಡಬಾರದು ಎನ್ನುವುದು ಮೇಸ್ತ್ರಿಯ ಕಟ್ಟಳೆ. ಪಾಲಿಶ್ ಮಾಡುವವಳು ಬಿಟ್ಟರೆ ಮಗನೂ ಬಟ್ಟೆ ಸರಿಸುವಂತಿರಲಿಲ್ಲ. ಗಿರಾಕಿಯ ಮುಂದೆ ಮೇಸ್ತ್ರಿಯೇ ಬಟ್ಟೆ ಎಳೆಯಬೇಕು, ಗಿರಾಕಿ ಆಹಾ ಎನ್ನಬೇಕು, ಅದನ್ನು ಕೇಳಿ ಇವನು ಮೀಸೆಯ ಮೇಲೆ ಕೈಯಾಡಿಸಬೇಕು.

ಅವಳು ಹನ್ನೆರಡು ಕೋಟು ಹಚ್ಚಿದಳು. ಒಂದೊಂದು ಕೋಟಿಗೂ ತಪ್ಪು ಇನ್ನಷ್ಟು ಹೊಳೆಯತೊಡಗಿತು. ನಾಲ್ಕನೇ ಕೋಟಿನ ದಿನ, ಹೇಳಿಬಿಡೋಣ, ಉಗಿ ಹಿಡಿದು ಹಾಳೆ ಎಬ್ಬಿಸಿ ಬೇರೆ ಅಂಟಿಸಬಹುದು ಅಂದುಕೊಂಡಳು. ಅಷ್ಟರಲ್ಲಿ ವಾರ್ನಿಶ್ ಮಾರುವವನು ಬಂದ. "ಏ ಪಾಲಿಶ್, ಬಾ ಇಲ್ಲಿ" ಎಂದು ಮೇಸ್ತ್ರಿ ಕೂಗಿದ. ಮೂಗಿನ ಕೆಳಗೆ ಅವತ್ತು ಹಿಡಿದದ್ದು ತನ್ನದೇ ಕಾಲುಚೀಲ. ಅವಳು ವಾಪಸು ಹೋಗಿ ಐದನೇ ಕೋಟು ಶುರುಮಾಡಿದಳು. ಜೀವಮಾನದಲ್ಲಿ ಅಷ್ಟು ಚೆಂದದ ಪಾಲಿಶ್ ಅವಳು ಮಾಡಿರಲಿಲ್ಲ.

ಡಾಕ್ಟರು ಬಂದ ದಿನ ಬೆಂಚಿನ ಸುತ್ತ ಎಲ್ಲರೂ ನಿಂತರು. ಮೇಸ್ತ್ರಿ ಗಂಟಲು ಸರಿಮಾಡಿಕೊಂಡು ಬಟ್ಟೆ ಎಳೆದ. ಅವನು ಮೀಸೆಗೆ ಕೈಯೇರಿಸಿದವನು ಹಾಗೇ ಕಾದ.

"ಮೇಸ್ತ್ರಿ," ಎಂದರು ಡಾಕ್ಟರು, "ಇದು ಹೀಗೇನಾ ಬರಬೇಕಾಗಿದ್ದು?"

"ಹೇಗೆ?"

"ಎಡಗಡೆ ಒಂಥರಾ, ಬಲಗಡೆ ಒಂಥರಾ. ಹಲ್ಲಿನ ಸೆಟ್ ಉಲ್ಟಾ ಹಾಕ್ಕೊಂಡು ನಗ್ತಾ ಇರೋ ಹಾಗಿದೆ."

ಸೀಟಿನವನು ಕಿಸಕ್ಕೆಂದ. ಮೇಸ್ತ್ರಿ ಹಲಗೆಯ ಮೇಲೆ ಬಗ್ಗಿ, ಕತ್ತನ್ನು ಆ ಕಡೆ ಓರೆ ಮಾಡಿದ, ಈ ಕಡೆ ಓರೆ ಮಾಡಿದ. ಮೂಗು ವಾರ್ನಿಶಿಗೆ ತಾಗುವಷ್ಟು ಬಗ್ಗಿದ. ಎಲ್ಲರೂ ನೋಡುತ್ತಿದ್ದರು. ಗಂಡನೂ ನೋಡುತ್ತಿದ್ದ, ಈ ಸಲ ನೆಲವನ್ನಲ್ಲ. ಅವನು ಅಪ್ಪನ ಎದುರಿಗೆ ಬಂದು ನಿಂತು ಕೈಯೆತ್ತಿದ.

"ಅಪ್ಪ, ಎಷ್ಟು ಬೆರಳು? ಹೇಳಿ ನೋಡೋಣ."

ನಲವತ್ತೆರಡು ವರ್ಷ ಅಪ್ಪನ ಮುಂದೆ ಉಸಿರೆತ್ತದ ಗಂಡಸು. ಆ ಧೈರ್ಯ ಎಲ್ಲಿಂದ ಬಂತೋ, ಬಂದದ್ದು ಮಾತ್ರ ಅಪ್ಪನದೇ ದನಿಯಲ್ಲಿ. ಮೇಸ್ತ್ರಿ ಕತ್ತು ಓರೆ ಮಾಡಿದ.

"ಎರಡು," ಅಂದ.

ಗಂಡ ಎತ್ತಿ ಹಿಡಿದದ್ದು ಮುಷ್ಟಿ. ಒಂದು ಬೆರಳೂ ಇರಲಿಲ್ಲ. ಮೊದಲು ಸೀಟಿನವನು ನಕ್ಕ, ಆಮೇಲೆ ಡಾಕ್ಟರಿಗೂ ತಡೆಯಲಾಗಲಿಲ್ಲ. ಅವಳೂ ನಕ್ಕಳು. ಎಲ್ಲರಿಗಿಂತ ಜೋರಾಗಿ ಕೇಳಿದ್ದು ಅವಳ ನಗುವೇ. ಹೊಟ್ಟೆ ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು.

ಆ ನಗು ಕೇಳಿದ ಕಡೆಗೆ ಮುದುಕ ಮುಖ ತಿರುಗಿಸಿದ. ಅವನ ನೋಟ ಬಿದ್ದದ್ದು ಅವಳ ಮೇಲಲ್ಲ, ಅವಳ ಭುಜದ ಪಕ್ಕದ ಖಾಲಿ ಜಾಗದ ಮೇಲೆ. ಇವಳನ್ನು ಕೇಳಿದ್ದೆ, ಸರಿ ಇದೆ ಅಂದಳು ಎಂದು ಹೇಳಬಹುದಿತ್ತು. ಸೊಸೆಯನ್ನು ಕೇಳಿ ಹಾಳೆ ಜೋಡಿಸಿದೆ ಎಂದು ಅವನ ಬಾಯಿಂದ ಹೊರಡುವುದುಂಟೇ? ಅವಳಿಗೆ ಅದು ಗೊತ್ತಿತ್ತು. ಅಷ್ಟೂ ದಿನ ಅವಳು ನಿಶ್ಚಿಂತೆಯಿಂದ ನಿದ್ದೆ ಮಾಡಿದ್ದು ಅದೊಂದೇ ಭರವಸೆಯ ಮೇಲೆ.

"ತಪ್ಪು ನಂದೇ," ಎಂದು ಮೇಸ್ತ್ರಿ ಏಪ್ರನ್ ಬಿಚ್ಚಿ ಬೆಂಚಿನ ಮೇಲಿಡಲು ಹೋದ. ಅದು ಕೆಳಗೆ ಬಿತ್ತು. ಯಾರೂ ಎತ್ತಿಕೊಡಲಿಲ್ಲ.

ಹೊಸ ಹಲಗೆಗೆ ಡಾಕ್ಟರು ಮೂರು ವಾರ ಕೊಟ್ಟರು. ಉಳಿದದ್ದು ಎರಡೇ ಹಾಳೆ. ಗಂಡ, "ನೀನೇ ಮಾಡು" ಅಂದುಬಿಟ್ಟ. ಅವಳು ಬೆಂಚಿನ ಎದುರಿಗೆ ನಿಂತಳು. ಎಷ್ಟು ಚೆಂದ ಕೂತವು ಹಾಳೆಗಳು! ಸುಳಿಗೆ ಸುಳಿ, ಕಣ್ಣಿಗೆ ಕಣ್ಣು. ಖುಷಿಯಲ್ಲಿ ಅವತ್ತು ಅವಳಿಗೆ ಊಟವೇ ಸೇರಲಿಲ್ಲ. ಮುದುಕ ಮಂಚದ ಮೇಲೆ ಮೂರು ದಿನ ತಡೆದುಕೊಂಡು, ನಾಲ್ಕನೇ ದಿನ ಗೋಡೆ ತಡಕುತ್ತಾ ವರ್ಕ್‌ಶಾಪಿಗೆ ಬಂದ. "ಒಳಗೆ ಬರಬೇಡಿ, ಏನಾದ್ರೂ ಎಡವಿ ಬೀಳಿಸ್ತೀರ," ಎಂದು ಮಗ ಅವನನ್ನು ಹೊಸ್ತಿಲ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದ. ಅಲ್ಲಿಂದ ಅವನು ದಿನವೂ ಬೆಂಚಿನ ಸದ್ದು ಕೇಳುತ್ತಾ ಕೂರತೊಡಗಿದ.

ಕ್ಲಾಂಪು ಬಿಚ್ಚಿದ ದಿನ ಅವಳಿಗೆ ಹೊಸ ಫಜೀತಿ ಎದುರಾಯಿತು. ಹಾಳೆಯ ಕೆಳಗೆ ಅಂಟು ಎಲ್ಲ ಕಡೆ ಹಿಡಿದಿದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ಎಲ್ಲಾದರೂ ಚೂರು ಗಾಳಿ ಉಳಿದಿದ್ದರೆ ಪಾಲಿಶ್ ಆಗಿ, ಕಾರಿಗೇರಿ, ಬಿಸಿಲಿಗೆ ನಿಂತಾಗ ಬೊಬ್ಬೆಯೆದ್ದು ಸಿಡಿಯುತ್ತದೆ. ಈಗಲೇ ಗೊತ್ತಾದರೆ ಸೂಜಿಯಲ್ಲಿ ಅಂಟು ಇಳಿಸಿ ಒತ್ತಬಹುದು. ಪಾಲಿಶ್ ಹತ್ತಿದ ಮೇಲೆ ಗೊತ್ತಾದರೆ ಹಾಳೆ ಹೋದಂತೆಯೇ. ಮೇಸ್ತ್ರಿ ಉಗುರಿನಿಂದ ಗೀಚಿ, ಬೆರಳ ತುದಿಯಲ್ಲಿ ಸವರಿ ಅದನ್ನು ಹಿಡಿಯುತ್ತಿದ್ದ. ಯಾರಿಗೂ ಕಲಿಸಿರಲಿಲ್ಲ. ಅವಳು ಗೀಚಿದಳು, ಎಲ್ಲ ಕಡೆ ಒಂದೇ ಸದ್ದು. ಸವರಿದಳು, ಆ ಸವೆದ ಬೆರಳುಗಳಿಗೆ ಏನು ತಿಳಿಯಬೇಕು?

ಹಲಗೆ ಎತ್ತಿಕೊಂಡು ಹೊಸ್ತಿಲಿಗೆ ಹೋಗಿ ಅವನ ತೊಡೆಯ ಮೇಲಿಟ್ಟಳು.

"ಮಾವ, ಅಂಟು ಹಿಡಿದಿದೆಯಾ ನೋಡಿ."

ಅವನು ಅಂಚಿನಿಂದ ಶುರುಮಾಡಿದ. ಉಗುರು ಮೆಲ್ಲಗೆ ಸಾಗಿತು. ದೊಡ್ಡ ಮೀಟರಿನ ತೂತಿನ ಪಕ್ಕ ಒಂದು ಕಡೆ ನಿಂತಿತು. ಹಿಂದೆ ಹೋಗಿ ಮತ್ತೆ ಬಂತು, ಮತ್ತೆ ನಿಂತಿತು.

"ಅವತ್ತು ನನ್ನ ಬೆರಳು ಬೇಡ ಅಂತು," ಅಂದ. "ಜೋಡಿ ಹತ್ರ ಒಂದು ಕಡೆ ಸುಳಿಯ ಒರಟು, ಅದರ ಎದುರಿಗೆ ಬರೀ ನುಣುಪು. ಬೆರಳಿಗೆ ಗೊತ್ತಾಗಿತ್ತು. ಆದ್ರೂ ಅದರ ಮಾತು ಬಿಟ್ಟು ನಿನ್ನ ಮಾತು ನಂಬಿದೆ. ಈ ಮನೇಲಿ ಮರ ನೋಡೋ ಕಣ್ಣಿರೋದು ನಿನಗೊಬ್ಬಳಿಗೇ ಅಂತ ನಂಗೆ ಮೊದಲಿಂದ್ಲೂ ಗೊತ್ತು."

ಹದಿನೆಂಟು ವರ್ಷದಲ್ಲಿ ಅವನ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು. ಕ್ಷಮಿಸಿ ಮಾವ ಎನ್ನಬೇಕೆಂದು ಬಾಯಿ ತೆರೆದಳು, ಆದರೆ ಹೊರಬಂದದ್ದು ಬೇರೆ.

"ಇದು ಹೇಗಿದೆ, ಅದನ್ನ ಹೇಳಿ."

"ಸರಿ ಇದೆ."

"ಅಲ್ಲಿ ಬೆರಳು ನಿಂತಿತಲ್ಲ ಮಾವ?"

"ಸರಿ ಇದೆ ಅಂದ್ನಲ್ಲ."

ಆ ದನಿಯಲ್ಲಿ ಕೋಪವಿರಲಿಲ್ಲ, ಕುಹಕವೂ ಇರಲಿಲ್ಲ. ಅವಳು ಅವನ ಮುಖವನ್ನೇ ದಿಟ್ಟಿಸಿದಳು. ಅಲ್ಲಿ ಏನೂ ಸಿಗಲಿಲ್ಲ. ಅವನ ಮಾತು ನಿಜವಾಗಿದ್ದು ಆ ಜಾಗದಲ್ಲಿ ಸುಮ್ಮನೆ ಸೂಜಿ ಚುಚ್ಚಿದರೆ, ಗಟ್ಟಿಯಾಗಿ ಹಿಡಿದಿದ್ದ ಹಾಳೆಯನ್ನು ತಾನೇ ಕೆಡಿಸಿದಂತಾಗುತ್ತದೆ. ಅಟ್ಟದಲ್ಲಿ ಇನ್ನು ಒಂದು ಹಾಳೆಯೂ ಉಳಿದಿಲ್ಲ.

ಒಳಗಿನಿಂದ ಗಂಡ ಕೂಗಿದ. "ಏನಂತೆ? ಶುರು ಮಾಡ್ತೀಯಾ?"

"ಸರಿ ಇದೆಯಂತೆ," ಅಂದಳು.

ಹಲಗೆಯನ್ನು ಎದೆಗವಚಿಕೊಂಡು ಕಿಟಕಿ ಪಕ್ಕದ ಮೇಜಿಗೆ ತಂದಿಟ್ಟಳು. ಬೆರಳು ನಿಂತ ಜಾಗವನ್ನು ತಾನೂ ಇನ್ನೊಮ್ಮೆ ಸವರಿದಳು. ಏನೂ ಗೊತ್ತಾಗಲಿಲ್ಲ. ವಾರ್ನಿಶಿನ ಡಬ್ಬಿ ತೆರೆದು ಮೊದಲನೇ ಕೋಟು ಹಚ್ಚತೊಡಗಿದಳು.